ಪಟ್ಟಾಭಿರಾಮನ ರಟ್ಟಿನ ಟಿ.ವಿ.

ಪಟ್ಟಾಭಿರಾಮನಿಗೆ ಸರ್ಕಾರ ಸಂಬಳ ಕೊಡುತ್ತಿದ್ದದ್ದು ಯಾವ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವುದಕ್ಕೆ. ಜಾಲಹಳ್ಳಿ ಕಡೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಅವನು ಪ್ಲಾಂಟ್ ಲೇಔಟ್ ವಿಭಾಗದವನು. ಹೊಸ ಲೇತ್ ಬರುತ್ತದೆಂದು ಸುದ್ದಿ ಬಂದರೆ ಸಾಕು, ಅದು ಹಡಗಿನಲ್ಲಿರುವಾಗಲೇ ಇವನು ಹಳೆಯ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಒಡೆಸಿ, ಅದರಷ್ಟೇ ಉದ್ದ, ಅದರಷ್ಟೇ ಅಗಲದ ಒಂದು ಡಮ್ಮಿ ಕಟ್ಟಿಸಿ, ಶೆಡ್ಡಿನ ಮಧ್ಯೆ ನಿಲ್ಲಿಸುತ್ತಿದ್ದ. ಆಮೇಲೆ ಕೆಲಸಗಾರರನ್ನು ಅದರ ಮುಂದೆ ನಿಲ್ಲಿಸಿ, "ಕೈ ಚಾಚು. ಬಗ್ಗು. ಈಗ ಹಿಂದಕ್ಕೆ ಬಾ. ಯಾರಿಗಾದ್ರೂ ತಗುಲ್ತಾ?" ಎಂದು ಪರೀಕ್ಷೆ ಮಾಡುತ್ತಿದ್ದ. ಇಲ್ಲದ ಯಂತ್ರವನ್ನು ಅಷ್ಟು ಗಂಭೀರವಾಗಿ ಓಡಿಸುವವರು ಇಡೀ ಕಾರ್ಖಾನೆಯಲ್ಲಿ ಮತ್ತೊಬ್ಬರಿರಲಿಲ್ಲ. ಅವನು ನಿಲ್ಲಿಸಿದ ಯಂತ್ರವನ್ನು ಆಮೇಲೆ ಯಾರೂ ಕದಲಿಸಬೇಕಾಗಿ ಬಂದಿರಲಿಲ್ಲ ಎಂಬುದೂ ನಿಜ. ಈ ಹೆಮ್ಮೆ ಅವನಿಗೆ ಸ್ವಲ್ಪ ಇತ್ತು. ಸ್ವಲ್ಪ ಎಂದರೆ, ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಎಲ್ಲಿಡಬೇಕೆಂದು ಹೆಂಡತಿಗೆ ಹೇಳುವಷ್ಟು ಇತ್ತು.

ಇಂಥವನು ಟಿ.ವಿ. ಕೊಳ್ಳಲು ಹೊರಟ. ಬೆಂಗಳೂರಿಗೆ ಟಿ.ವಿ. ಬಂದು ಇನ್ನೂ ಹೆಚ್ಚು ಕಾಲವಾಗಿರಲಿಲ್ಲ. ಪೀಣ್ಯದ ಹಿಂಬದಿಯ ಅವರ ಹೊಸ ಬಡಾವಣೆಯಲ್ಲಿ ಮನೆಗಳೇ ವಿರಳ, ಟಿ.ವಿ. ಅಂತೂ ಒಂದೂ ಇರಲಿಲ್ಲ. ಅವನು ಆರಿಸಿದ್ದು ಅಂಗಡಿಯಲ್ಲಿದ್ದವುಗಳಲ್ಲೆಲ್ಲ ದೊಡ್ಡದನ್ನು. ಸ್ಟಾಕ್ ಇಲ್ಲ, ಬಂದ ಕೂಡಲೇ ಮನೆಗೇ ತಂದು ಕೊಡುತ್ತೇವೆ ಎಂದು ಅಂಗಡಿಯವನು ಹೇಳಿದಾಗ ಬೇರೆಯವರಾಗಿದ್ದರೆ ಬೇಸರಪಡುತ್ತಿದ್ದರು. ಪಟ್ಟಾಭಿರಾಮನಿಗೆ ಖುಷಿಯಾಯಿತು. ಜಾಗ ನಿಶ್ಚಯ ಮಾಡಲು ಸಮಯ ಸಿಕ್ಕಿತಲ್ಲ!

ಅಂಗಡಿಯಿಂದಲೇ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ತಂದ. ಅದನ್ನು ಟಿ.ವಿ.ಯ ಅಳತೆಗೆ ಕತ್ತರಿಸಿ, ಕಂದು ಕಾಗದ ಅಂಟಿಸಿ, ಗುಂಡಿಗಳ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ ಹಚ್ಚಿದ. ಪರದೆಯ ಜಾಗ ಕೊರೆದು ಬಟರ್ ಪೇಪರ್ ಅಂಟಿಸಿದ. ಬೆಳಕು ಕಣ್ಣಿಗೆ ಹೊಡೆಯುತ್ತದೋ ಇಲ್ಲವೋ ಎಂಬುದೂ ತಿಳಿಯಬೇಕಲ್ಲ, ಅದಕ್ಕೆ ಒಳಗೊಂದು ಬಲ್ಬು ತೂಗುಹಾಕಿ ಸುತ್ತ ನೀಲಿ ಜಿಲೆಟಿನ್ ಕಾಗದ ಸುತ್ತಿದ. ಬಲ್ಬಿನ ಹೋಲ್ಡರ್ ಸ್ವಲ್ಪ ಸಡಿಲವಾಗಿದ್ದರಿಂದ ಬೆಳಕು ಮಿಣಕ್ ಮಿಣಕ್ ಎನ್ನುತ್ತಿತ್ತು. ಸರಿಮಾಡಲು ಹೋದವನು, "ನಿಜವಾದದ್ದೂ ಹೀಗೇ ಇರುತ್ತೆ" ಎಂದು ಬಿಟ್ಟ. ಆಂಟೆನಾವನ್ನೂ ಆಗಲೇ ತರಿಸಿ, ತಾರಸಿಯ ಮೇಲೆ ಉದ್ದನೆಯ ಪೈಪಿಗೆ ಕಟ್ಟಿಸಿ ನಿಲ್ಲಿಸಿಯೂ ಬಿಟ್ಟ. ಅದರ ಮೇಲೆ ಮೊದಲ ದಿನವೇ ಕಾಗೆ ಬಂದು ಕೂತಿತು.

ಇನ್ನು ಜಾಗ. ಹಾಲ್‌ನ ಮೂಡಣ ಗೋಡೆಯ ಎದುರಿಗೆ ದೇವರ ಮನೆ. "ಅಲ್ಲಿಟ್ರೆ ದೇವರು ಇಡೀ ದಿನ ಸಿನಿಮಾ ಹಾಡು ನೋಡ್ಬೇಕಾಗತ್ತೆ ಕಣೋ," ಎಂದು ಅವನ ತಾಯಿ ಸೀತಾಲಕ್ಷ್ಮಮ್ಮ ತಗಾದೆ ತೆಗೆದರು. ಹಾಗಾದರೆ ದೇವರ ಮನೆಯ ಪಕ್ಕಕ್ಕೇ ಇಡೋಣ ಎಂದರೆ, ಎಲ್ಲರೂ ದೇವರನ್ನು ಬಿಟ್ಟು ಅದಕ್ಕೇ ಕೈ ಮುಗಿದ ಹಾಗೆ ಕಾಣುತ್ತದೆ ಎಂದರು. ಇನ್ನೊಂದು ಗೋಡೆಗೆ ಅಡುಗೆಮನೆಯ ಬಾಗಿಲು, ಒಗ್ಗರಣೆ ಹೊಗೆ. ಉಳಿದದ್ದು ಬೀದಿ ಕಡೆಯ ಕಿಟಕಿಯ ಗೋಡೆ. ಟಿ.ವಿ.ಯ ಬೆನ್ನು ಕಿಟಕಿಗೆ, ಮುಖ ಮನೆಗೆ. ಮಾದನಾಯಕನಹಳ್ಳಿಯ ಬಡಗಿ ಪಾಪಯ್ಯನಿಗೆ ಬಾಗಿಲಿರುವ ಸ್ಟ್ಯಾಂಡ್ ಮಾಡಲು ಹೇಳಿ, ಅದು ಬರುವವರೆಗೆ ಟ್ರಂಕಿನ ಮೇಲೆ ಡಮ್ಮಿ ಇಟ್ಟು, ಪಟ್ಟಾಭಿರಾಮ ಸಂಸಾರ ಸಮೇತ ಪರೀಕ್ಷೆಗೆ ಕೂತ.

"ಅಮ್ಮ, ಈಗ ವಾರ್ತೆ. ಕತ್ತು ನೋಯತ್ತಾ?"

"ಯಾವ ವಾರ್ತೆಯೋ?"

"ಯಾವುದೋ ಒಂದು. ಕತ್ತಿನ ವಿಷಯ ಹೇಳಮ್ಮ."

"ಒಳ್ಳೆ ವಾರ್ತೆ ಆದ್ರೆ ಕತ್ತು ನೋಯಲ್ಲ ಬಿಡು."

"ವಾಸಂತಿ, ಈಗ ಹಾಡು ಬರ್ತಿದೆ ಅಂದ್ಕೋ. ಅನ್ನ ಸೀದ ವಾಸನೆ ಬಂತು. ಎದ್ದು ಓಡು! ಯಾರ ಕಾಲು ತುಳಿದೆ?"

"ನಿಮ್ದೇ," ಎಂದಳು ವಾಸಂತಿ. ಬೇಕೆಂದೇ ತುಳಿದಿದ್ದಳೋ ಏನೋ.

ದಿನಾ ಸಂಜೆ ಇದೇ ಆಯಿತು. ಕುರ್ಚಿ ಒಂದು ಗೇಣು ಹಿಂದಕ್ಕೆ, ಬೆತ್ತದ ಸೋಫಾ ಒಂದು ಗೇಣು ಓರೆಗೆ. ಸೀತಾಲಕ್ಷ್ಮಮ್ಮ ಕೂತಲ್ಲೇ ನಿದ್ದೆ ಹೋದಾಗ ಪಟ್ಟಾಭಿರಾಮ "ಪಾಸ್" ಎಂದ. ಅವನ ಮಗಳು ಮೈಥಿಲಿ, ಒಂದನೇ ಕ್ಲಾಸಿನವಳು, ಮೊದಲ ದಿನ ಬೇಜಾರುಪಟ್ಟಳು. ದಿನ ಕಳೆದಂತೆ ಅವಳಿಗೆ ಆ ಬಟರ್ ಪೇಪರಿನ ಮೇಲೆ ಆನೆ, ರಾಜಕುಮಾರಿ ಎಲ್ಲ ಕಾಣಿಸತೊಡಗಿ, ಸ್ಕೂಲಿನಲ್ಲಿ ಕಥೆಯನ್ನೂ ಹೇಳಿ ಬಂದಳು.

ಈಗ ಬೀದಿಯಲ್ಲಿ ನಿಂತು ನೋಡುವವರ ಕಣ್ಣಿಗೆ ಬನ್ನಿ. ತಾರಸಿಯ ಮೇಲೆ ಆಂಟೆನಾ. ಕಿಟಕಿಯಲ್ಲಿ ದೊಡ್ಡ ಪೆಟ್ಟಿಗೆಯ ಬೆನ್ನು. ಅದರ ಆಚೆ ಮಿಣಕ್ ಮಿಣಕ್ ನೀಲಿ ಬೆಳಕು. ಆ ಬೆಳಕಿನಲ್ಲಿ ಸಾಲಾಗಿ ಕೂತು ಕಣ್ಣು ಮಿಟುಕಿಸದೆ ನೋಡುವ ನಾಲ್ಕು ಮುಖ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ಕೋರ್ಟೂ ಕೇಳುವುದಿಲ್ಲ.

ಎದುರು ಮನೆಯ ಜಯಸಿಂಹ ಅದೇ ಕಾರ್ಖಾನೆಯ ಅಕೌಂಟ್ಸ್‌ನವನು. ಒಂದು ದಿನ ಫ್ಯಾಕ್ಟರಿ ಬಸ್ಸಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, "ಏನ್ರೀ ಪಟ್ಟಾಭಿ, ಕಳ್ಳರು ಕಣ್ರೀ ನೀವು! ಒಂದು ಮಾತಾದ್ರೂ ಹೇಳಬಾರದೇನ್ರೀ? ಪಿಕ್ಚರ್ ಹೇಗೆ ಬರ್ತಾ ಇದೆ?" ಎಂದು ಕೇಳಿದ.

ಪಟ್ಟಾಭಿರಾಮ ಇಲ್ಲಿ ಸತ್ಯ ಹೇಳಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಇಡೀ ಬಸ್ಸು ತಿರುಗಿ ಅವನನ್ನೇ ನೋಡುತ್ತಿತ್ತು. ಫೌಂಡ್ರಿಯ ಫೋರ್‌ಮನ್ ಕೂಡ ಪೇಪರ್ ಮಡಿಸಿದ್ದ. ಅಷ್ಟು ಜನರ ಎದುರಿಗೆ, ಅಲ್ಲ ಸ್ವಾಮಿ, ನಾವು ರಟ್ಟಿನ ಡಬ್ಬ ನೋಡುತ್ತಾ ಕೂತಿದ್ದೆವು ಎಂದು ಹೇಳಲು ಯಾರ ನಾಲಿಗೆ ತಾನೇ ಹೊರಳೀತು? ಹೇಗೂ ಈ ಶನಿವಾರ ನಿಜವಾದದ್ದು ಬರುತ್ತದೆಂದು ಅಂಗಡಿಯವನು ಹೇಳಿದ್ದಾನೆ. ನಾಲ್ಕು ದಿನ ಮೊದಲೇ ಬಂತು ಎಂದುಕೊಂಡರೆ ಯಾರಿಗೇನು ನಷ್ಟ?

"ಪರವಾಗಿಲ್ಲ," ಎಂದ ಪಟ್ಟಾಭಿರಾಮ. ಸಾಲದೆಂದು, "ಮಳೆ ಮೋಡ ಇದ್ದಾಗ ಸ್ವಲ್ಪ ಚುಕ್ಕಿ ಚುಕ್ಕಿ ಬರುತ್ತೆ, ಅಷ್ಟೇ," ಎಂದು ಸೇರಿಸಿದ.

ಆ ಚುಕ್ಕಿಗಳೇ ಅವನನ್ನು ಮುಳುಗಿಸಿದವು. ಸುದ್ದಿ ಸಂಜೆಯೊಳಗೆ ಬಡಾವಣೆ ಸುತ್ತಿ, ಹಿತ್ತಿಲು ದಾಟಿ, ಪಿಳ್ಳಮ್ಮನ ಕೊಟ್ಟಿಗೆ ಸೇರಿತು.

ಪಿಳ್ಳಮ್ಮ ಯಾರೆಂದು ಹೇಳಲೇಬೇಕು. ಆ ಬಡಾವಣೆ ಆಗುವ ಮೊದಲು ಅಲ್ಲೆಲ್ಲ ರಾಗಿ ಹೊಲ. ಅದರಲ್ಲಿ ಒಂದು ಭಾಗ ಪಿಳ್ಳಮ್ಮನದು. ಹೊಲ ಹೋಗಿ ಸೈಟುಗಳಾದ ಮೇಲೂ ತನ್ನ ಹಳೇ ಮನೆ, ಎರಡು ಹಸು ಇಟ್ಟುಕೊಂಡು ಅಲ್ಲೇ ಇದ್ದಳು. ಪಟ್ಟಾಭಿರಾಮನ ಮನೆಯ ಹಿತ್ತಿಲಿಗೂ ಅವಳ ಹಿತ್ತಿಲಿಗೂ ನಡುವೆ ಲಂಟಾನದ ಬೇಲಿ, ಬೇಲಿಯಲ್ಲಿ ಒಂದು ಕಂಡಿ. ಮೈಥಿಲಿ ಹುಟ್ಟಿದಾಗ ವಾಸಂತಿಗೆ ತಾಯಿ ಇರಲಿಲ್ಲ, ಅತ್ತೆ ಆಗ ತುಮಕೂರಿನಲ್ಲಿ ಹಿರಿಮಗನ ಮನೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದರು. ಆ ಕಂಡಿಯಲ್ಲಿ ನುಸುಳಿ ಬಂದು ಬಾಣಂತನ ಮಾಡಿದವಳು ಪಿಳ್ಳಮ್ಮ. ಹಂಡೆಗಟ್ಟಲೆ ಬಿಸಿನೀರು ಕಾಯಿಸಿ ಹೊಯ್ದವಳು, ಮಗುವನ್ನು ಕಾಲಮೇಲೆ ಹಾಕಿಕೊಂಡು ಎರೆದವಳು, ಖಾರ ಕುಟ್ಟಿ ತಂದವಳು. ಅಂದಿನಿಂದ ದಿನವೂ ಬೆಳಗ್ಗೆ ಆ ಕಂಡಿಯಲ್ಲಿ ಹಾಲಿನ ಚೊಂಬು ಬರುತ್ತಿತ್ತು, ಚೊಂಬಿನ ಜೊತೆ ಊರಿನ ಸುದ್ದಿಯೂ ಬರುತ್ತಿತ್ತು. ವಾಸಂತಿಗೆ ಅವಳೇ ತವರುಮನೆ.

ಮರುದಿನ ಬೆಳಗ್ಗೆ ಚೊಂಬು ಬರಲಿಲ್ಲ.

ಹಸುವಿಗೇನಾದರೂ ಆಯಿತೇ ಎಂದು ವಾಸಂತಿ ಕಂಡಿ ದಾಟಿ ಹೋದಳು. ಪಿಳ್ಳಮ್ಮ ಸಗಣಿ ಬಾಚುತ್ತಿದ್ದಳು. ತಲೆ ಎತ್ತಲಿಲ್ಲ.

"ಪಿಳ್ಳಮ್ಮಜ್ಜಿ, ಹಾಲು ಬರಲಿಲ್ವಲ್ಲ?"

"ಆಲು ಯಾಕವ್ವಾ ನಿಮ್ಗೆ? ಟೀವಿ ಐತಲ್ಲ. ಅದ್ರಾಗೇ ಕರ್ಕಳಿ."

"ಅಯ್ಯೋ, ಟಿ.ವಿ. ಬಂದಿಲ್ಲ ಅಜ್ಜಿ!"

"ಮೈಥಿಲವ್ವ ಆನೆ ನೋಡ್ದೆ ಅಂತು. ಎದುರ್ಮನೆಯವ್ರು ನೋಡವ್ರೆ. ನಾನೇ ರಾತ್ರಿ ಅಸೀಗೆ ನೀರಿಕ್ಕಾಕೆ ಎದ್ದಾಗ ನೀಲೀಗೆ ಅತ್ಕಂಡ್ ಉರೀತಿತ್ತು, ಕಣ್ಣಾರೆ ಕಂಡೆ. ಸುಳ್ಳೇಳ್ಬ್ಯಾಡ ಕನವ್ವಾ."

"ಅದು ರಟ್ಟಿನ ಡಬ್ಬ ಅಜ್ಜಿ. ಅದರೊಳಗೆ ಬಲ್ಬು ಹಾಕಿ, ಜಾಗ ಸರಿಯಾಗಿದೆಯಾ ಅಂತ ನೋಡ್ತಾ ಕೂತಿದ್ವಿ."

ಪಿಳ್ಳಮ್ಮ ಬಾಚುವುದನ್ನು ನಿಲ್ಲಿಸಿ ನೆಟ್ಟಗೆ ನಿಂತಳು. ಅವಳ ಮುಖ ಈಗ ನಿಜವಾಗಿ ಕೆಂಪಾಯಿತು. "ನೋಡು, ಕರೀಲಿಲ್ಲ, ಓಗ್ಲಿ. ನನ್ ಸೀರೆ ಸಗಣಿ ವಾಸ್ನೆ, ದೊಡ್ ಮನುಷ್ರು ಬತ್ತಾರೆ, ನಾಚ್ಕೆ ಆಯ್ತದೆ, ಓಗ್ಲಿ. ಆದ್ರೆ ಓದಿರೋರು ನಾಕ್ ಜನ ದಿನಾ ಸಂಜೆ ಖಾಲಿ ಡಬ್ಬ ನೋಡ್ಕಂಡ್ ಕುಂತಿದ್ರು ಅಂತ ನಂತಾವ ಏಳ್ತೀಯಲ್ಲ, ನನ್ನ ಅಷ್ಟು ದಡ್ಡಿ ಅನ್ಕಂಡಾ?"

ವಾಸಂತಿ ಹೇಳಿದ್ದು ನಿಜ, ಆದರೆ ಎಷ್ಟು ಹುಚ್ಚು ನಿಜವೆಂದರೆ, ಹೇಳುವಾಗ ಅವಳಿಗೇ ನಂಬಿಕೆ ಬರಲಿಲ್ಲ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತಳು. ಆಮೇಲೆ ಎದ್ದು ಗಂಡನ ಮುಂದೆ ಹಾಲಿಲ್ಲದ ಕಾಫಿ ತಂದಿಟ್ಟಳು.

"ನೀವೇ ಹೋಗಿ ಹೇಳ್ರೀ. ಬಸ್ಸಲ್ಲಿ ಸುಳ್ಳು ಹೇಳಿದ್ದು ನೀವು."

"ಹೇಳೋದೇನಿದೆ ಕಣೇ? ಶನಿವಾರ ಸೆಟ್ ಬರತ್ತೆ. ಬಂದ ತಕ್ಷಣ ಮೊದಲು ಪಿಳ್ಳಮ್ಮನ್ನೇ ಕರೆಯೋಣ. ಎಲ್ಲ ಸರಿಹೋಗತ್ತೆ."

"ಸರಿಹೋಗ್ಲಿಲ್ಲ ಅಂದ್ರೆ ಆ ಟಿ.ವಿ. ಈ ಮನೇಲಿ ಎಲ್ಲಿಟ್ರೂ ನಾನು ನೋಡಲ್ಲ," ಎಂದಳು ವಾಸಂತಿ. ಅವಳು ಹಾಗೆ ಹೇಳಿದರೆ ಹಾಗೆಯೇ. ಮದುವೆಯಾದ ಹೊಸದರಲ್ಲಿ ಜಗಳವಾಗಿ, ಇನ್ನು ನಿಮ್ಮ ಸ್ಕೂಟರ್ ಹತ್ತುವುದಿಲ್ಲ ಎಂದವಳು ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಿದ್ದಳು.

ಪಟ್ಟಾಭಿರಾಮನಿಗೆ ಮೊದಲ ಬಾರಿ ಭಯವಾಯಿತು. ಪಿಳ್ಳಮ್ಮನನ್ನು ಅವನೂ ಹಚ್ಚಿಕೊಂಡಿದ್ದ. ಅವಳು ಕೈಯಲ್ಲಿ ಸಗಣಿ ಇರುವಾಗಲೂ ಮೊಣಕೈಯಿಂದ ಕೆನ್ನೆ ಸವರಿ "ಸೊರಗೋಗಿದ್ದೀಯ ಕನಪ್ಪಾ" ಎನ್ನುವುದು ಅವನ ಸ್ವಂತ ತಾಯಿಯೂ ಮಾಡದ ಉಪಚಾರ. ಆದರೂ ಬಸ್ಸು, ಕ್ಯಾಂಟೀನು, ಫೌಂಡ್ರಿ ಫೋರ್‌ಮನ್ ಕಣ್ಣೆದುರು ಬಂದಾಗ ಬಾಯಿ ಕಟ್ಟಿಹೋಗುತ್ತಿತ್ತು. ಶನಿವಾರ ಬರಲಿ ಎಂದುಕೊಂಡ.

ಶನಿವಾರ ಬಂದದ್ದು ಟಿ.ವಿ. ಅಲ್ಲ, ಪಾಪಯ್ಯ. ಟೆಂಪೋದಲ್ಲಿ ಸ್ಟ್ಯಾಂಡ್ ಹೇರಿಕೊಂಡು ಬಂದಿದ್ದ. ಬೀಟೆ ಬಣ್ಣದ ಪಾಲಿಶ್, ಎರಡು ಬಾಗಿಲು, ಬಾಗಿಲಿಗೆ ಹಿತ್ತಾಳೆ ಹಿಡಿ. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಅವರ ಜೊತೆ ಪಿಳ್ಳಮ್ಮನ ಮೈದುನ ಚಿಕ್ಕಬೈರಪ್ಪನೂ ಬಂದಿದ್ದ. ಹಬ್ಬದಲ್ಲಿ ಆಡುವ ಪೌರಾಣಿಕ ನಾಟಕಗಳಲ್ಲಿ ಅವನದು ಕಾಯಂ ದುರ್ಯೋಧನನ ಪಾತ್ರ. ಮಾಮೂಲು ಮಾತನ್ನೂ ತೊಡೆ ತಟ್ಟಿಯೇ ಆಡುವುದು ಅವನ ರೂಢಿ.

"ಸಾರ್! ನಾಳೆ ಸಂಜೆ ಟೀವೀಲಿ ಪಿಚ್ಚರ್ ಐತಂತೆ. ನಮ್ಮತ್ಗೆ ಬರಾಕಿಲ್ಲ ಅಂತವ್ಳೆ. ಆದ್ರೆ ನಾವೆಲ್ಲ ಬತ್ತೀವಿ. ಬ್ಯಾಡ ಅಂತೀರಾ?"

ತೊಡೆ ತಟ್ಟಿ ಕೇಳಿದವನಿಗೆ ಬೇಡ ಎನ್ನುವ ಧೈರ್ಯ ಪಟ್ಟಾಭಿರಾಮನಿಗಿರಲಿಲ್ಲ. "ಬನ್ನಿ ಬನ್ನಿ," ಎಂದ. ಎಂದು, ಸ್ಕೂಟರ್ ಹತ್ತಿ ಅಂಗಡಿಗೆ ಹಾರಿದ. ಲಾರಿ ದಾರಿಯಲ್ಲಿ ಕೆಟ್ಟು ನಿಂತಿದೆ, ಸೋಮವಾರದ ಮೇಲೆ ಬನ್ನಿ ಎಂದ ಅಂಗಡಿಯವನು.

ಭಾನುವಾರ ಸಂಜೆ ಇಡೀ ಬೀದಿ ತಲೆ ಬಾಚಿಕೊಂಡು ಬಂತು. ಹಾಲ್‌ನಲ್ಲಿ ಕಾಲಿಡಲು ಜಾಗವಿಲ್ಲ. ಪಟ್ಟಾಭಿರಾಮ ಗೇಣು ಗೇಣು ಅಳೆದು ಇಟ್ಟಿದ್ದ ಕುರ್ಚಿಗಳನ್ನು ಯಾರೋ ಎತ್ತಿ ಹಿತ್ತಿಲಿಗೆ ಹಾಕಿದ್ದರು. ಬೆತ್ತದ ಸೋಫಾದ ಮೇಲೆ ಆರು ಹೆಂಗಸರು ಕೂತು, ಅದು ಕೀರ್ ಕೀರ್ ಎನ್ನುತ್ತಿತ್ತು. ಚಿಕ್ಕಬೈರಪ್ಪನ ಕಡೆಯವರು ಕಡಲೆಕಾಯಿ ಪೊಟ್ಟಣ ತಂದಿದ್ದರು. ಪಕ್ಕದ ಗೋಡೆಯ ಕಿಟಕಿಯ ಸರಳಿಗೆ ಜೋತುಬಿದ್ದವರೇ ಹತ್ತು ಹನ್ನೆರಡು ಜನ. ಸ್ಟ್ಯಾಂಡಿನ ಬಾಗಿಲು ಮುಚ್ಚಿತ್ತು. ಒಳಗೆ ಡಮ್ಮಿ. ಅದರ ಮುಂದೆ ಪಟ್ಟಾಭಿರಾಮ, ಬಾಗಿಲಿಗೆ ಬೆನ್ನು ಕೊಟ್ಟು, ಗರ್ಭಗುಡಿಯ ದ್ವಾರಪಾಲಕನ ಹಾಗೆ ನಿಂತಿದ್ದ.

"ತೆಗೀರಿ ಪಟ್ಟಾಭಿ, ಶುರುವಾಗಿರತ್ತೆ," ಎಂದ ಜಯಸಿಂಹ.

"ಸ್ವಲ್ಪ ಬಿಸಿಯಾಗಬೇಕು ಅದು."

"ಆನ್ ಮಾಡದೆ ಹೇಗ್ರೀ ಬಿಸಿಯಾಗತ್ತೆ?"

ಇದಕ್ಕೆ ಉತ್ತರ ಹುಡುಕುತ್ತಿದ್ದಾಗ, ಗುಂಪನ್ನು ಸೀಳಿಕೊಂಡು ಒಬ್ಬ ಸಣಕಲು ಹಿರಿಯರು ಒಳಗೆ ಬಂದರು. ಕಂಕುಳಲ್ಲಿ ಕೊಡೆ, ಕೈಯಲ್ಲಿ ಚರ್ಮದ ಚೀಲ. "ನಾನು ವೆಂಕಟಸುಬ್ಬಯ್ಯ. ಲೈಸೆನ್ಸ್ ಇನ್‌ಸ್ಪೆಕ್ಟರ್. ನಮ್ಮ ನೆಂಟರ ಮನೆಗೆ ಅಂತ ಬಂದಿದ್ದೆ. ಬಸ್ಸಿಳೀತಿದ್ದ ಹಾಗೆ ಆಂಟೆನಾ ಕಾಣಿಸ್ತು. ಈ ಏರಿಯಾದಲ್ಲಿ ಯಾರೂ ಟಿ.ವಿ. ಲೈಸೆನ್ಸ್ ತಗೊಂಡಿಲ್ವಲ್ಲ ಅಂತ ನೆನಪಾಯ್ತು. ಮನೆ ಯಜಮಾನರು ಯಾರು?"

ಆ ಕಾಲದಲ್ಲಿ ರೇಡಿಯೋಗೆ ಲೈಸೆನ್ಸ್ ಬೇಕಿತ್ತು, ಟಿ.ವಿ.ಗೂ ಬೇಕಿತ್ತು. ಭಾನುವಾರವೂ ಕರ್ತವ್ಯ ಮರೆಯದವರು ಆಗಲೂ ಅಪರೂಪಕ್ಕೆ ಇದ್ದರು.

"ಲೈಸೆನ್ಸ್ ಇದೆಯಾ?" ಎಂದರು ವೆಂಕಟಸುಬ್ಬಯ್ಯ.

"ಇಲ್ಲ," ಎಂದ ಪಟ್ಟಾಭಿರಾಮ.

"ಟಿ.ವಿ. ಇದೆಯಾ?"

ಇದೆ ಎಂದರೆ ದಂಡ. ಇಲ್ಲ ಎಂದರೆ ಮಾನ. ಪಟ್ಟಾಭಿರಾಮ ಎರಡನ್ನೂ ತೂಗಿ ನೋಡಿ, ಜಗತ್ತಿನಲ್ಲಿ ಯಾರೂ ಕೇಳಿರದ ಒಂದು ಮಾತು ಕೇಳಿದ. "ದಂಡ ಕಟ್ಟಿಬಿಡ್ತೀನಿ ಸಾರ್. ಬಾಗಿಲು ತೆಗೀದೆ ಬರ್ಕೊಳೋಕಾಗತ್ತಾ?"

"ಸೆಟ್ ನೋಡದೆ ಹೇಗ್ರೀ ಬರ್ಕೊಳ್ಲಿ? ಕಂಪನಿ ಯಾವುದು, ನಂಬರ್ ಏನು, ಎಲ್ಲ ಬೇಕು. ಸರೀರಿ ಆಚೆ."

"ಸಾರ್, ಅದಕ್ಕೆ ಗಾಳಿ ಬೆಳಕು ಬಿದ್ರೆ..."

"ಟಿ.ವಿ. ಏನು ಬಾಣಂತೀನೇನ್ರೀ?" ಎನ್ನುತ್ತಾ ಇನ್‌ಸ್ಪೆಕ್ಟರು ಹಿತ್ತಾಳೆ ಹಿಡಿ ಹಿಡಿದು ಎರಡೂ ಬಾಗಿಲು ತೆರೆದೇಬಿಟ್ಟರು.

ಕಂದು ಕಾಗದ. ಸೋಡಾ ಮುಚ್ಚಳ. ಬಟರ್ ಪೇಪರಿನ ಒಂದು ಮೂಲೆ ಕಿತ್ತುಹೋಗಿ ಒಳಗಿನ ಬಲ್ಬು ಇಣುಕುತ್ತಿತ್ತು. ಇನ್‌ಸ್ಪೆಕ್ಟರು ಬೆರಳಿನಿಂದ ತಟ್ಟಿದರು. ಟಪ್ ಟಪ್ ಎಂದಿತು. ಹಿಂದಿನಿಂದ ಕೈ ಹಾಕಿ ನೋಡಿದರು. ಕನ್ನಡಕ ಒರೆಸಿ ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಏನ್ರೀ ಇದು?"

"ಡಮ್ಮಿ ಸಾರ್."

"ಇದನ್ನ ನೋಡೋಕೆ ಇಷ್ಟು ಜನ ಬಂದಿದ್ದಾರಾ?"

"ಅವರಿಗೆ ಗೊತ್ತಿಲ್ಲ ಸಾರ್."

"ಮತ್ತೆ ಪಿಕ್ಚರ್ ಚುಕ್ಕಿ ಚುಕ್ಕಿ ಬರತ್ತೆ ಅಂದ್ರಲ್ರೀ!" ಎಂದು ಜಯಸಿಂಹ ಕಿರುಚಿದ. ಎಲ್ಲಿಂದಲೋ ಒಂದು ನಗು ಹೊರಟಿತು, ಅದರ ಹಿಂದೆಯೇ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಕಿಟಕಿಗೆ ಜೋತುಬಿದ್ದಿದ್ದವರಲ್ಲಿ ಒಬ್ಬ ನಗು ತಡೆಯಲಾರದೆ ಕೈಬಿಟ್ಟು ಗುಲಾಬಿ ಗಿಡದ ಮೇಲೆ ಬಿದ್ದ. ಪಟ್ಟಾಭಿರಾಮ ಕಿವಿಯವರೆಗೂ ಕೆಂಪಾಗಿ ನಿಂತಿದ್ದ. ನಾಳೆಯ ಬಸ್ಸು ನೆನೆಸಿಕೊಂಡು ಅವನಿಗೆ ರಾಜೀನಾಮೆ ಕೊಡುವ ಯೋಚನೆ ಬಂದು ಹೋಯಿತು.

ವಾಸಂತಿ ಮಾತ್ರ ನಗಲಿಲ್ಲ. ಗುಂಪಿನ ಮಧ್ಯೆ ದಾರಿ ಮಾಡಿಕೊಂಡು ಬಂದು, ಸ್ಟ್ಯಾಂಡಿನೊಳಗಿಂದ ಡಬ್ಬವನ್ನು ಎಳೆದು, ಎರಡೂ ಕೈಯಲ್ಲಿ ಎತ್ತಿಕೊಂಡು ಹಿಂಬಾಗಿಲಿನ ಕಡೆ ನಡೆದಳು. ಅಡುಗೆಮನೆ, ಹಿತ್ತಿಲು, ಬೇಲಿಯ ಕಂಡಿ. ಹಿಂದೆಯೇ ಪಟ್ಟಾಭಿರಾಮ, ಅವನ ಹಿಂದೆ ಕಡಲೆಕಾಯಿ ತಿನ್ನುತ್ತಾ ಇಡೀ ಬೀದಿ, ಕಡೆಯಲ್ಲಿ, ತನಿಖೆ ಇನ್ನೂ ಮುಗಿದಿಲ್ಲ ಎಂದು ಕೊಡೆ ಹಿಡಿದ ಇನ್‌ಸ್ಪೆಕ್ಟರು. ಸೀತಾಲಕ್ಷ್ಮಮ್ಮ ಬಾಗಿಲಲ್ಲೇ ನಿಂತು, "ಹಾಲ್ ಖಾಲಿ ಆಯ್ತಲ್ಲ, ದೀಪ ಹಚ್ತೀನಿ," ಎಂದು ಒಳಗೆ ಹೋದರು.

ಪಿಳ್ಳಮ್ಮ ಹಾಲು ಕರೆಯುತ್ತಿದ್ದಳು. ವಾಸಂತಿ ಡಬ್ಬವನ್ನು ಅವಳ ಮುಂದೆ ಇಟ್ಟಳು. "ನೋಡಿ ಅಜ್ಜಿ. ಇದೇ. ಇದನ್ನೇ ನಾವು ನೋಡ್ತಾ ಕೂತಿದ್ದು."

ಪಿಳ್ಳಮ್ಮ ಹಾಲಿನ ಚೊಂಬು ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಡಬ್ಬದ ಸುತ್ತ ಒಂದು ಸುತ್ತು ಬಂದಳು. ಸೋಡಾ ಮುಚ್ಚಳ ತಿರುಗಿಸಿದಳು. ಅದು ಕಿತ್ತು ಕೈಗೆ ಬಂತು. ಕಿತ್ತುಹೋದ ಕಡೆಯಿಂದ ಕೈ ತೂರಿಸಿ ಬೆನ್ನಿನ ಕಡೆಯಿಂದ ಆಚೆ ತೆಗೆದಳು.

"ದಿನಾ ಇದ್ನೇ ನೋಡ್ತಿದ್ರಾ?"

"ಹೂಂ."

"ನಿಮ್ಮತ್ತೇನೂ?"

"ಅವರು ನಿದ್ದೆ ಮಾಡ್ತಿದ್ರು."

"ಈವಪ್ಪನೂವೇ?"

"ಕೂರಿಸಿದ್ದೇ ಅವರು."

ಪಿಳ್ಳಮ್ಮ ಪಟ್ಟಾಭಿರಾಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳ ಕಣ್ಣಲ್ಲಿದ್ದ ಸಿಟ್ಟೆಲ್ಲ ಇಳಿದು, ಆ ಜಾಗಕ್ಕೆ ಒಂದು ದೊಡ್ಡ ಮರುಕ ಬಂತು. ಹತ್ತಿರ ಬಂದು ಅವನ ಕೆನ್ನೆ ಸವರಿದಳು. "ಅಯ್ಯೋ ನನ್ನಪ್ಪಾ! ತಲೆ ನೆಟ್ಟಗಿಲ್ಲ ಅಂತ ಮೊದ್ಲೇ ಏಳಬಾರ್ದಾಗಿತ್ತಾ? ನಾನ್ಯಾಕೆ ಕ್ವಾಪ ಮಾಡ್ಕಂತಿದ್ದೆ!"

ಬೀದಿ ಮತ್ತೆ ಬಿದ್ದು ನಕ್ಕಿತು. ಈ ಸಲ ಪಟ್ಟಾಭಿರಾಮನೂ ನಕ್ಕ. ನಗುತ್ತಲೇ, "ತಪ್ಪು ನಂದೇ ಪಿಳ್ಳಮ್ಮಜ್ಜಿ. ಬಸ್ಸಲ್ಲಿ ಸುಳ್ಳು ಹೇಳ್ಬಿಟ್ಟೆ," ಎಂದ. ಇಷ್ಟು ಜನರೆದುರು ಹೇಳಿದ ಮೇಲೂ ತಾನು ನೆಟ್ಟಗೆ ನಿಂತಿರುವುದು ಅವನಿಗೇ ಆಶ್ಚರ್ಯವಾಯಿತು.

"ಟೀವಿ ನೋಡ್ದಿದ್ರೆ ನಾನೇನ್ ಸತ್ತೋಯ್ತಿದ್ನಾ?" ಎಂದಳು ಪಿಳ್ಳಮ್ಮ ವಾಸಂತಿಯ ಕಡೆ ತಿರುಗಿ. "ನನ್ನ ಬುಟ್ಟು ನೋಡುದ್ರಲ್ಲಾ ಅಂತ ಒಟ್ಟೆ ಉರೀತು, ಅಷ್ಟೇಯ." ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಕರೆಯುವುದು ಅರ್ಧಕ್ಕೇ ನಿಂತಿದ್ದಕ್ಕೆ ಹಸು ಕಾಲು ಝಾಡಿಸಿ, ಚೊಂಬು ಉರುಳಿತು.

ಇಷ್ಟು ಜನ ಬಂದು ಸುಮ್ಮನೆ ಹೋಗುವುದು ಹೇಗೆ? ಚಿಕ್ಕಬೈರಪ್ಪ ಡಬ್ಬವನ್ನು ಎತ್ತಿ ಕೊಟ್ಟಿಗೆಯ ಜಗಲಿಯ ಮೇಲಿಟ್ಟು, ಬಟರ್ ಪೇಪರ್ ಪೂರ್ತಿ ಹರಿದು ಹಾಕಿ, ಹಿಂದಿನಿಂದ ತಲೆ ತೂರಿಸಿ, ಮೀಸೆ ತಿರುವಿ ದುರ್ಯೋಧನನ ಕಂದಪದ್ಯ ಶುರುಮಾಡಿದ. ರಟ್ಟಿನೊಳಗೆ ಅವನ ದನಿ ಗುಂಯ್ ಎಂದು ದಾಸರಹಳ್ಳಿಯವರೆಗೆ ಕೇಳಿಸಿರಬೇಕು. ಅವನು ತೊಡೆ ತಟ್ಟುವುದು ಡಬ್ಬದಲ್ಲಿ ಕಾಣಿಸುತ್ತಿರಲಿಲ್ಲ, ಸದ್ದು ಮಾತ್ರ ಬರುತ್ತಿತ್ತು. ಇನ್‌ಸ್ಪೆಕ್ಟರ್ ವೆಂಕಟಸುಬ್ಬಯ್ಯ ಹುಲ್ಲಿನ ಹೊರೆಯ ಮೇಲೆ ಕೂತು ತಾಳ ಹಾಕಿದರು. "ಇದಕ್ಕೆ ಲೈಸೆನ್ಸ್ ಬೇಕಾ ಸಾರ್?" ಎಂದು ಜಯಸಿಂಹ ಕೇಳಿದಾಗ, "ನಮ್ಮ ಡಿಪಾರ್ಟ್‌ಮೆಂಟ್‌ಗೆ ಬರಲ್ಲ, ಸುಮ್ನಿರಿ," ಎಂದು ಗದರಿಸಿದರು.

ನಿಜವಾದ ಟಿ.ವಿ. ಅದೇ ವಾರ ಬಂತು. ಪಟ್ಟಾಭಿರಾಮ ಲೈಸೆನ್ಸ್ ಮಾಡಿಸಿ, ಮಾತು ಕೊಟ್ಟಂತೆ ಮೊದಲು ಪಿಳ್ಳಮ್ಮನನ್ನೇ ಕರೆದ. ಅವಳು ಬಂದು ಹಾಲ್ ಮಧ್ಯೆ ನಿಂತು, ಕಿಟಕಿಯ ಪಕ್ಕ ಅವನು ಇಷ್ಟು ದಿನ ಲೆಕ್ಕ ಹಾಕಿ ನಿಲ್ಲಿಸಿದ್ದ ಸ್ಟ್ಯಾಂಡನ್ನು ನೋಡಿದಳು.

"ಇಲ್ಲಿ ಬ್ಯಾಡ."

"ಯಾಕಜ್ಜಿ? ಇಲ್ಲಿಂದ ಕತ್ತು ನೋಯಲ್ಲ, ಕಣ್ಣಿಗೆ..."

"ನನ್ ಅಸ ಈಯೋ ಟೈಮು. ಅದ್ನ ಬುಟ್ಟು ಒಳೀಕ್ ಬಂದು ಕುಂತ್ಕಣಾಕಾಯ್ತದಾ? ನಿಮ್ ಮುಂದ್ಲು ಜಗ್ಲಿ ಮ್ಯಾಲಿಕ್ಕು. ಅಂಗಳದ ಆ ಮೂಲೇಲಿ ಕುಂತ್ರೆ ನಂಗೆ ಟೀವೀನೂ ಕಾಣ್ತದೆ, ಬೇಲಿ ಮ್ಯಾಲಿಂದ ಕೊಟ್ಗೇನೂ ಕಾಣ್ತದೆ. ಊರೋರೂ ಕುಂತ್ಕಬೋದು."

ಮನೆಯ ಮುಂದಿನ ಜಗಲಿಗೆ ಗ್ರಿಲ್ ಇತ್ತು, ಬೀಗವಿತ್ತು, ಕಳ್ಳರ ಭಯವಿರಲಿಲ್ಲ. ಆದರೆ ಅಷ್ಟು ದೊಡ್ಡ ಸ್ಟ್ಯಾಂಡ್ ಹಿಡಿಸುವ ಜಾಗ ಜಗಲಿಯಲ್ಲಿ ಒಂದೇ ಒಂದು. ಮುಂಬಾಗಿಲಿಗೆ ಒತ್ತಿಕೊಂಡು.

"ಬಾಗಿಲೇ ಮುಚ್ಚಿಹೋಗತ್ತಲ್ಲಜ್ಜಿ! ನಾವು ಓಡಾಡೋದು ಹೇಗೆ?"

"ಇಂದ್ಲು ಬಾಗ್ಲಿಲ್ವಾ? ನಮ್ ಇತ್ಲಾಗಾಸಿ ಓಡಾಡಿ. ದಿನಾ ಮುಖಾನಾದ್ರೂ ನೋಡ್ದಂಗಾಯ್ತದೆ."

ಪಟ್ಟಾಭಿರಾಮ ತನ್ನ ವೃತ್ತಿಜೀವನದಲ್ಲಿ ಇಷ್ಟು ಕೆಟ್ಟ ಲೇಔಟ್ ಕಂಡಿರಲಿಲ್ಲ. ಅದನ್ನು ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ವಾಸಂತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟ್ಯಾಂಡಿನ ಒಂದು ತುದಿ ಹಿಡಿದಾಗಿತ್ತು. "ರೀ, ಆ ಕಡೆ ಹಿಡೀರಿ," ಎಂದಳು. ಅವನು ಹಿಡಿದ.

ಅಂದಿನಿಂದ ಆ ಮನೆಗೆ ಮುಂಬಾಗಿಲಿಲ್ಲ. ನೆಂಟರು, ಪೋಸ್ಟಿನವನು, ಗ್ಯಾಸಿನವನು, ಫ್ಯಾಕ್ಟರಿಗೆ ಹೊರಟ ಯಜಮಾನ, ಎಲ್ಲರೂ ಬೇಲಿಯ ಕಂಡಿಯಲ್ಲಿ ತಲೆ ಬಗ್ಗಿಸಿ, ಪಿಳ್ಳಮ್ಮನ ಹಿತ್ತಿಲು ಹಾಯ್ದೇ ಓಡಾಡಬೇಕು. ಇಸ್ತ್ರಿ ಮಾಡಿದ ಪ್ಯಾಂಟಿಗೆ ಸಗಣಿ ತಾಗದಂತೆ ಕಾಲೆತ್ತಿಟ್ಟು ನಡೆಯುವುದನ್ನು ಪಟ್ಟಾಭಿರಾಮ ಬೇಗ ಕಲಿತ. "ತಿಂಡಿ ತಿಂದ್ಯೇನಪ್ಪಾ?" ಎಂದು ಪಿಳ್ಳಮ್ಮ ದಿನಾ ಕೇಳುತ್ತಾಳೆ. ತಿಂದಾಯಿತು ಎಂದರೂ ಒಂದು ಲೋಟ ಹಾಲು ಕುಡಿಸದೆ ಬಿಡುವುದಿಲ್ಲ, ಅದರಿಂದ ವಾರಕ್ಕೊಮ್ಮೆಯಾದರೂ ಅವನಿಗೆ ಫ್ಯಾಕ್ಟರಿ ಬಸ್ಸು ತಪ್ಪುತ್ತದೆ.